ಕೈ ತಗೀರಿ, ಸಾಹೇಬ್ರ

ಹೋದ ವಾರ ಚಿಕ್ಕೋಡಿಯಲ್ಲಿ, ಹುಟ್ಟಾ ಸಸ್ಯಾಹಾರಿಯಾದ ನನ್ನ ಮುಂದೆ ಒಂದು ತಟ್ಟೆ ಹಸಿ ಕೋಳಿಕಾಲು ತಂದಿಟ್ಟರು. ಸಂದರ್ಭ ಊಟದ್ದಲ್ಲ, ವಿದ್ಯೆಯದು. ರೋಗಿಯ ರಕ್ತನಾಳ ಸಿಗದೆ ಜೀವ ಹೋಗುವಂತಾದಾಗ ಎಲುಬಿಗೇ ಸೂಜಿ ಇಳಿಸಿ, ಒಳಗಿನ ಮಜ್ಜೆಯ ಮೂಲಕ ಸಲೈನ್ ಹರಿಸುವ ಹೊಸ ಸಾಧನವೊಂದು ಬಂದಿದೆಯಂತೆ. ಎಳೆಯ ಡಾಕ್ಟರರಿಗೂ ನರ್ಸುಗಳಿಗೂ ಅದನ್ನು ಕಲಿಸುವ ಶಿಬಿರ. ಅಭ್ಯಾಸಕ್ಕೆ ಕೋಳಿಯ ಎಲುಬು. ನಿವೃತ್ತ ಮಕ್ಕಳ ಡಾಕ್ಟರನಾದ ನನ್ನನ್ನು ದೀಪ ಹಚ್ಚಲು ಕರೆದಿದ್ದರು. ನಿವೃತ್ತರ ಕೈಗೆ ಅಷ್ಟು ಬೆಂಕಿಯನ್ನು ಮಾತ್ರ ನಂಬಿ ಕೊಡುತ್ತಾರೆ.

ಶಿಬಿರ ನಡೆಸುವ ಹುಡುಗ ಡಾಕ್ಟರ ಸಾಧನವನ್ನು ಎತ್ತಿ ತೋರಿಸಿದ. ಸೂಜಿಗೆ ಒಂದು ಬಿಲ್ಲೆ ಇದೆ. ಎಷ್ಟು ಒತ್ತಿದರೂ ಅದನ್ನು ದಾಟಿ ಆಳಕ್ಕೆ ಇಳಿಯದು. ಹೊರಗೆಳೆದ ಕೂಡಲೆ ಮೊನೆಯ ಮೇಲೆ ತಾನಾಗಿ ಮುಸುಕು ಬೀಳುತ್ತದೆ. ಯಾರ ಕೈಗೂ ಚುಚ್ಚದು. ಎಲ್ಲರೂ ತಲೆದೂಗಿದರು. ನನಗೆ ಮಾತ್ರ ಹಸಿ ಎಲುಬಿನ ವಾಸನೆಗೆ ಸ್ಪಿರಿಟ್ಟಿನ ವಾಸನೆ ಬೆರೆತು ಮೂಗಿಗೆ ಬಡಿದು, ಎಡ ಅಂಗೈಯ ಹಳೆಯ ಕಲೆ ತುರಿಸತೊಡಗಿತು. ಹಿಂದಿನ ಸಾಲಿನಲ್ಲಿ ಸುಶೀಲಾ ಸಿಸ್ಟರ್ ಕೂತಿದ್ದರು. ಅತ್ತ ನೋಡಬಾರದೆಂದು ನಾನು ಬಹಳ ಶ್ರದ್ಧೆಯಿಂದ ಫ್ಯಾನು ನೋಡಿದೆ.

ಈ ಸುಶೀಲಾ ನನ್ನ ದವಾಖಾನೆಗೆ ನರ್ಸಾಗಿ ಬಂದಾಗ ನಾನು ಸುತ್ತಲ ಹಳ್ಳಿಗಳಿಗೆಲ್ಲ ‘ನರ ಹಿಡಿಯೋ ಡಾಕ್ಟರ’. ನಮ್ಮ ಕಡೆ ರಕ್ತನಾಳಕ್ಕೂ ನರವೆಂದೇ ಹೆಸರು. ಕೂಸಿನ ಕೈಯ ಕೂದಲೆಳೆಯಂಥ ನರವನ್ನು ನಾನು ಕಣ್ಣು ಮುಚ್ಚಿ ಹಿಡಿಯುತ್ತೇನೆಂದು ಜನ ಹೇಳುತ್ತಿದ್ದರು. ಜನರ ಮಾತಿಗೆ ಎದುರಾಡುವುದು ನನ್ನ ಸ್ವಭಾವವಲ್ಲ. ಸುಶೀಲಾ ಬಂದು ಆರು ತಿಂಗಳಾಗಿರಲಿಲ್ಲ, ಸದಲಗಾದ, ಶಿರಗುಪ್ಪಿಯ ತಾಯಂದಿರು ಬಾಗಿಲಲ್ಲೇ ನಿಂತು “ಸುಶೀಲಾಬಾಯಿ ಅದಾರೇನ್ರಿ?” ಎಂದು ಕೇಳತೊಡಗಿದರು. ಇದ್ದಾರೆಂದರೆ ಒಳಗೆ ಬರುತ್ತಿದ್ದರು, ಡಾಕ್ಟರ ಇದ್ದಾನೋ ಇಲ್ಲವೋ ಆಮೇಲಿನ ಮಾತು. ಅಂಥವರಿಗೆ ನಾನು ಬರೆದ ಔಷಧಿ ತುಸು ಹೆಚ್ಚು ಕಹಿಯಾಗಿತ್ತೆಂದು ಯಾರಾದರೂ ಹೇಳಿದರೆ ನಾನು ವಾದಿಸುವುದಿಲ್ಲ.

ಆಕೆಯ ಕೈ ಬಂದದ್ದು ಅಥಣಿಯಿಂದ. ತಂದೆ ಚಪ್ಪಲಿ ಹೊಲಿಯುವವರು. ಮಗಳು ಚಿಕ್ಕಂದಿನಲ್ಲಿ ಅವರ ಪಕ್ಕ ಕೂತು, ಚರ್ಮಕ್ಕೆ ತೂತು ಹಾಕುವ ಆರಿ ಹಿಡಿದವಳು. ಆರಿಯ ಮೊನೆಯಷ್ಟೇ ಹೊರಗಿರುವಂತೆ ಮೇಲೆಲ್ಲ ದಾರ ಸುತ್ತುತ್ತಿದ್ದರಂತೆ, ಚಪ್ಪಲಿಯ ಅಟ್ಟೆ ದಾಟಿ ಹೋಗದಿರಲೆಂದು. “ಆರಿಗೆ ತಳ ಗೊತ್ತಿರೂದಿಲ್ರಿ ಸಾಹೇಬ್ರ, ನಾವ ಹೇಳಬೇಕಾಗ್ತೈತಿ” ಎಂದು ಒಮ್ಮೆ ಚಹಾ ಕುಡಿಯುತ್ತ ಹೇಳಿದ್ದಳು. ನಾನು ಕೇಳಿಸಿಕೊಳ್ಳದವನಂತೆ ಬಿಸ್ಕಿಟು ಅದ್ದಿದೆ. ಅದು ಮುರಿದು ಕಪ್ಪಿನೊಳಗೆ ಬಿತ್ತು.

ಆ ಬೇಸಿಗೆಯಲ್ಲಿ ಅಂಕಲಿಯ ಅಜ್ಜಿಯೊಬ್ಬಳು ವಾಂತಿಭೇದಿಯಿಂದ ಬತ್ತಿಹೋದ ಮೊಮ್ಮಗಳನ್ನು ಎತ್ತಿಕೊಂಡು ಓಡಿಬಂದಳು. ವರ್ಷ ತುಂಬದ ಕೂಸು. ಕಣ್ಣು ಒಳಗೆ ಹೋಗಿದ್ದವು, ಅಳುವ ತ್ರಾಣವಿರಲಿಲ್ಲ. ಸಲೈನ್ ಹೋದರೆ ಕೂಸು, ಇಲ್ಲದಿದ್ದರೆ ಇಲ್ಲ. ನಾನು ಒಂದು ಕೈ ನೋಡಿದೆ, ಇನ್ನೊಂದು ಕೈ, ಎರಡೂ ಕಾಲು, ತಲೆ. ನರವೆಲ್ಲ ಬತ್ತಿ ಮಾಯ. ಎಲುಬಿಗೆ ಹಾಕೋಣವೇ ಎಂದು ಸುಶೀಲಾ ಎರಡು ಸಲ ಕೇಳಿದಳು. ಆಕೆ ಕೇಳಿದ್ದಕ್ಕೇ ನಾನು ಮೂರನೆಯ ಸಲ ನರ ಹುಡುಕಿದೆ. ಆ ನಿಮಿಷಗಳಿಗಾಗಿ ನನ್ನನ್ನು ಯಾರೂ ಕ್ಷಮಿಸಬೇಕಾಗಿಲ್ಲ.

ಕೊನೆಗೆ ಎಲುಬಿನ ಸೂಜಿ ತೆಗೆದುಕೊಂಡೆ. ಆಗಿನ ಸೂಜಿಗೆ ಬಿಲ್ಲೆಯೂ ಇಲ್ಲ, ಮುಸುಕೂ ಇಲ್ಲ. ದಪ್ಪ ಮೊನೆ, ಒಂದು ಹಿಡಿಕೆ, ಡಾಕ್ಟರನ ಅಹಂಕಾರ, ಇಷ್ಟೇ. ಕೂಸಿನ ಮೊಣಕಾಲ ಕೆಳಗೆ ಎಡಗೈ ಕೊಟ್ಟು ಬಲಗೈಯಿಂದ ತಿರುವಿ ಒತ್ತತೊಡಗಿದೆ.

“ಕೈ ತಗೀರಿ, ಸಾಹೇಬ್ರ” ಎಂದಳು ಸುಶೀಲಾ. “ಆರಿ ಕೆಳಗ ಕೈ ಇಡಬಾರದ್ರಿ.”

“ಇದು ಚಪ್ಪಲಿ ಅಲ್ಲ ಸಿಸ್ಟರ್, ಕೂಸಿನ ಕಾಲು” ಎಂದೆ.

ಆ ಮಾತಿನೊಳಗೆ ಏನಿತ್ತೆಂದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಾಯಿತು. ಮರುಗಳಿಗೆ ಸೂಜಿ ಕೂಸಿನ ಮೆತ್ತಗಿನ ಎಲುಬನ್ನು ಆಚೆಗೆ ದಾಟಿ ನನ್ನ ಅಂಗೈಗೆ ಬಂದು ನಿಂತಿತು. ನಾನು ಕೈ ಒತ್ತಿಹಿಡಿದು ನಿಂತಿದ್ದೆ. ಆಕೆ ಅಷ್ಟರಲ್ಲಿ ಹೊಸದೊಂದು ಎಲುಬಿನ ಸೂಜಿ ತೆಗೆದು, ಅದರ ಪ್ಲಾಸ್ಟಿಕ್ ಮುಚ್ಚಳದ ತುದಿ ಕತ್ತರಿಸಿ, ಮತ್ತೆ ಅದಕ್ಕೇ ಅಂಗಿಯಂತೆ ತೊಡಿಸಿದಳು. ಮೊನೆಯಷ್ಟೇ ಹೊರಗೆ ಉಳಿಯಿತು. ಕೂಸಿನ ಇನ್ನೊಂದು ಕಾಲು, ಎರಡು ತಿರುವು. ಸಲೈನ್ ಹರಿಯಿತು. ಸ್ವಲ್ಪ ಹೊತ್ತಿಗೆ ಕೂಸು ಅತ್ತಿತು.

ವಾರದ ಮೇಲೆ ಅಜ್ಜಿ ಬಂದು, ನನ್ನದೇ ಕೋಣೆಯಲ್ಲಿ, ನನ್ನದೇ ಕುರ್ಚಿಯ ಪಕ್ಕ, ಖಣ, ತೆಂಗಿನಕಾಯಿ, ಅಕ್ಕಿ ಹಾಕಿ ಸುಶೀಲಾಳ ಉಡಿ ತುಂಬಿದಳು. ನನಗೊಂದು ನಮಸ್ಕಾರ. ಗಂಡಸರಿಗೆ ಉಡಿ ತುಂಬುವ ಪದ್ಧತಿ ಯಾವ ಸೀಮೆಯಲ್ಲೂ ಇಲ್ಲವೆಂದು ತಿಳಿದೂ ನನ್ನ ಹೊಟ್ಟೆ ಉರಿಯಿತು. ಕೂಸಿನ ರಕ್ತ ತಾಗಿದ್ದರಿಂದ ನನ್ನ ರಕ್ತವನ್ನು ಮತ್ತೆ ಮತ್ತೆ ಪರೀಕ್ಷೆಗೆ ಕಳಿಸಬೇಕಾಯಿತು. ಪ್ರತಿ ಸಲ ಏನೂ ಇಲ್ಲವೆಂದು ಬರುತ್ತಿತ್ತು. ಮತ್ಸರ ಅಂಥ ಪರೀಕ್ಷೆಗೆ ಸಿಗುವುದಿಲ್ಲ.

ಮುಂದೆ ಡಾಕ್ಟರರ ಸಭೆಗಳಲ್ಲಿ ನಾನು ಆ ಮುಚ್ಚಳದ ಉಪಾಯವನ್ನು ಬಹಳ ಸಲ ಹೇಳಿದೆ. “ನಾವು ಹೀಗೆ ಮಾಡಿದೆವು” ಎನ್ನುತ್ತಿದ್ದೆ. ‘ನಾವು’ ಎಂಬುದು ಬಲು ಅನುಕೂಲದ ಪದ. ಕದ್ದವನೂ ಕಳಕೊಂಡವಳೂ ಅದರಲ್ಲಿ ಒಟ್ಟಿಗೆ ಕೂಡಬಹುದು. ಅಂಗೈ ಕಲೆಯ ಬಗ್ಗೆ ಕೇಳಿದರೆ ಕಬ್ಬಿನ ಸಿಬಿರು ಚುಚ್ಚಿದ್ದು ಎನ್ನುತ್ತಿದ್ದೆ.

ಇರಲಿ. ಶಿಬಿರದಲ್ಲಿ ಆ ಹುಡುಗ ಡಾಕ್ಟರ “ಹಿರಿಯರು ಮೊದಲು” ಎಂದು ಸಾಧನವನ್ನು ನನ್ನ ಕೈಗೆ ಕೊಟ್ಟ. ಕೋಳಿಕಾಲನ್ನು ಹಿಡಿಯಲು ನನ್ನ ಎಡಗೈ, ಯಾರನ್ನೂ ಕೇಳದೆ, ಅದರ ಅಡಿಗೆ ಹೋಯಿತು.

“ಕೈ ತಗೀರಿ, ಸಾಹೇಬ್ರ.”

ಹಿಂದಿನ ಸಾಲಿನಿಂದ, ಅದೇ ದನಿ. ಎಳೆಯರು ನಕ್ಕರು. ಹೊಸ ಸೂಜಿ ಅಷ್ಟು ದೂರ ಬಾರದೆಂದು ಹುಡುಗ ಸಮಾಧಾನ ಹೇಳಿದ. ನಾನು ಕೈ ತೆಗೆದೆ. ಒತ್ತಿದೆ. ಸೂಜಿ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಬಂದ ಚಪ್ಪಾಳೆ ಬಿಲ್ಲೆಗೆ ಸೇರಬೇಕಾದದ್ದು.

ಆಮೇಲೆ ಅಂಗೈ ಬಿಚ್ಚಿ ಆ ಎಳೆಯರಿಗೆ ಕಲೆ ತೋರಿಸಿದೆ. ಮುಚ್ಚಳದ ಕತೆಯನ್ನು ಮೊದಲಿನಿಂದ ಹೇಳಿದೆ, ಚಪ್ಪಲಿಯ ಮಾತನ್ನೂ ಬಿಡದೆ. ಈ ಸಲ ‘ನಾವು’ ಎನ್ನಲಿಲ್ಲ, ‘ಸುಶೀಲಾ ಸಿಸ್ಟರ್’ ಎಂದೆ. ಸಭೆ ಎದ್ದು ಆಕೆಗೆ ತಟ್ಟಿದ ಚಪ್ಪಾಳೆ ನನ್ನದಕ್ಕಿಂತ ಉದ್ದವಿತ್ತು. ಎಷ್ಟು ಉದ್ದವೆಂದು ನಾನು ಗಮನಿಸದೆ ಬಿಡಲಿಲ್ಲ.

ಹೊರಗೆ ಮೆಟ್ಟಿಲ ಬಳಿ ಆಕೆ ಚಪ್ಪಲಿ ಮೆಟ್ಟುತ್ತಿದ್ದರು. “ಕಬ್ಬಿನ ಸಿಬರ ಅಂತಿದ್ರೆಲ್ರಿ” ಎಂದರು.

“ಹೂಂ, ಅಂತಿದ್ದೆ.”

“ಗೊತ್ತಿತ್ರಿ” ಎಂದು ನನ್ನ ಚಪ್ಪಲಿಯನ್ನೂ ತಮ್ಮ ಕಾಲಿಂದ ನನ್ನ ಮುಂದಕ್ಕೆ ಸರಿಸಿದರು.