ಕರೂರಿನ ಗದ್ದೆಯಲ್ಲಿ ಕಾನ್‌ಸ್ಟಾಂಟಿನೋಪಲ್

ಬ್ರೂಸ್‌ಪೇಟೆಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಭೂತಗನ್ನಡಿ ಹಿಡಿದು ಹಳೆಯ ನಾಣ್ಯ ನೋಡುವುದು ನನ್ನ ಚಟ. ಅದರಲ್ಲೂ ಬೈಜಾಂಟೈನ್ ನಾಣ್ಯಗಳೆಂದರೆ ಪ್ರಾಣ. ರೋಮ್ ಬಿದ್ದ ಮೇಲೂ ಸಾವಿರ ವರ್ಷ ಈಗಿನ ಟರ್ಕಿಯ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಕೂತು ಆಳಿದವರ ಕಾಸುಗಳವು. ಒಂದು ಮಗ್ಗುಲಲ್ಲಿ ದುಂಡು ಕಣ್ಣಿನ ಚಕ್ರವರ್ತಿ, ಇನ್ನೊಂದು ಮಗ್ಗುಲಲ್ಲಿ ದೊಡ್ಡದೊಂದು ‘ಎಂ’ ಅಕ್ಷರ. ಗ್ರೀಕರ ಲೆಕ್ಕದಲ್ಲಿ ಅದು ನಲವತ್ತು. ಅಂದರೆ ಆ ನಾಣ್ಯ ನಲವತ್ತು ಪುಡಿಗಾಸಿಗೆ ಸಮ. ಅವರ ಬಂಗಾರದ ನಾಣ್ಯಗಳು ವ್ಯಾಪಾರದ ಹಡಗು ಹತ್ತಿ ನಮ್ಮ ಕಡೆಗೂ ಬಂದಿದ್ದವು. ಇಲ್ಲಿಯವರು ಅವಕ್ಕೆ ತೂತು ಕೊರೆದು ಕೊರಳಿಗೆ ಹಾಕಿಕೊಂಡರು. ಬಂಗಾರದ್ದನ್ನು ನಾನು ಮ್ಯೂಸಿಯಂನಲ್ಲಿ ನೋಡಿದ್ದೇನೆ, ಅಷ್ಟೆ. ನಾಣ್ಯ ಪ್ರದರ್ಶನಗಳಲ್ಲಿ ನನ್ನ ಕೈಗೆಟುಕಿದ್ದು ತಾಮ್ರ.

ಹೋದ ವರ್ಷ ನಾಟಿಯ ಹೊತ್ತಿಗೆ ಸಿರುಗುಪ್ಪದ ಕಡೆಯ ತಂಗಿಯ ಊರು ಕರೂರಿಗೆ ಹೋಗಿದ್ದೆ. ಹೊಸದಾಗಿ ಕೊಂಡ ನಾಣ್ಯ ಪರ್ಸಿನಲ್ಲೇ ಇತ್ತು. ಗದ್ದೆಯ ಬದುವಿನ ಮೇಲೆ ಬುತ್ತಿ ಹಂಚುತ್ತಿದ್ದ ತಂಗಿಯ ಅತ್ತೆಗೆ ಅದನ್ನು ತೋರಿಸಿದೆ. ಅವರು ಕೆಸರು ಮೆತ್ತಿದ ಅಂಗೈಯಲ್ಲಿಟ್ಟುಕೊಂಡು, “ಯವ್ವಾ, ಈ ರಾಜ ನನ್ನನ್ನ ನೋಡಾಕತ್ತಾನಲ್ಲ!” ಎಂದು ನಕ್ಕರು. ನಾಟಿಗೆ ಬಂದಿದ್ದ ಹೆಣ್ಣುಮಕ್ಕಳೆಲ್ಲ ಸುತ್ತ ಸೇರಿದರು. ಯಾರೋ ಫೋಟೋ ತೆಗೆದರು.

ಮುಂದಿನ ವಾರ, ಕನ್ನಡಕದ ಕಾಲು ಸರಿಮಾಡಿಸಲು ಅಂಗಡಿಗೆ ಬಂದವರೊಬ್ಬರು ಮೊಬೈಲ್ ಮುಂದೆ ಹಿಡಿದರು. “ನೋಡ್ರಿ ಮೇಡಂ, ಕರೂರಾಗ ನಾಟಿ ಮಾಡುವಾಗ ಬಂಗಾರದ ನಿಧಿ ಸಿಕ್ಕೈತಂತ!”

ಅದೇ ಫೋಟೋ. ಬಿಸಿಲು ಬಿದ್ದು ತಾಮ್ರ ಬಂಗಾರದ ಹಾಗೆ ಹೊಳೆಯುತ್ತಿತ್ತು. ಅಂಗೈ ಯಾರದೆಂದು ನೋಡಿದ ಕೂಡಲೇ ಗೊತ್ತಾಯಿತು. ನಾನು ಫೋನ್ ಮಾಡುವ ಮೊದಲೇ ತಂಗಿಯ ಫೋನ್ ಬಂತು. ಅವಳು ಅಳುತ್ತಿದ್ದಳು.

“ಅಕ್ಕಾ, ಯಾರ್ಯಾರೋ ಬಂದು ಗದ್ದಿ ಅಗಿಯಾಕತ್ತಾರ. ನೆಟ್ಟ ಸಸಿ ಎಲ್ಲಾ ತುಳದ್ರು. ಮನಿಯವರನ್ನ ಸ್ಟೇಷನ್ನಿಗೆ ಕರಕೊಂಡು ಹೋಗ್ಯಾರ. ನಿಧಿ ಎಲ್ಲಿ ಮುಚ್ಚಿಟ್ಟೀದಿ ಅಂತ ಕೇಳಾಕತ್ತಾರಂತ.”

ಇದ್ದಬದ್ದ ನಾಣ್ಯಗಳನ್ನೆಲ್ಲ ಭೂತಗನ್ನಡಿಯ ಸಮೇತ ಲೆನ್ಸಿನ ಡಬ್ಬಿಗೆ ತುಂಬಿಕೊಂಡು ಸಿರುಗುಪ್ಪದ ಬಸ್ಸು ಹತ್ತಿದೆ. ನೆಲದಲ್ಲಿ ಸಿಕ್ಕ ನಿಧಿಯನ್ನು ಮುಚ್ಚಿಟ್ಟರೆ ಅಪರಾಧವೆಂದು ನನಗೆ ಗೊತ್ತಿತ್ತು. ನಾಣ್ಯ ಹೋದರೆ ಹೋಗಲಿ, ತಂಗಿಯ ಗಂಡನಂಥ ಸಾಧು ಮನುಷ್ಯನ ಮೇಲೆ ಕೇಸು ಬೀಳದಿದ್ದರೆ ಸಾಕು ಅಂದುಕೊಂಡೆ.

ತಂಗಿಯ ಗಂಡ ಸ್ಟೇಷನ್ನಿನ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಮುಂದಿಟ್ಟ ಚಹಾ ಮುಟ್ಟಿರಲಿಲ್ಲ. ನಾನು ಡಬ್ಬಿ ತೆರೆದು ಅಧಿಕಾರಿಯ ಮೇಜಿನ ಮೇಲಿಟ್ಟೆ.

“ಇದು ಈ ನೆಲದ್ದಲ್ಲ ಸರ್. ಟರ್ಕಿ ಕಡೀದು.”

“ಟರ್ಕೀದು ಕರೂರಿಗೆ ಹೆಂಗ ಬಂತು?”

“ನನ್ನ ಪರ್ಸಿನಾಗ ಬಂತು.”

ಅವರು ನಗಲಿಲ್ಲ. “ನೀವಂದ್ರ ಸಾಲಂಗಿಲ್ಲ. ತಿಳದವರು ಯಾರಾದ್ರೂ ಹೇಳಬೇಕು” ಎಂದರು.

ಕುರುಗೋಡಿನಲ್ಲಿ ನನಗೆ ಪರಿಚಯದ ನಿವೃತ್ತ ಇತಿಹಾಸದ ಮೇಷ್ಟ್ರಿದ್ದರು. ಅವರಿಗೆ ಫೋನ್ ಮಾಡಿದೆ. ನಿಧಿಯ ಆಸೆಗೆ ಅಲ್ಲಿನ ಹಳೆಯ ಗುಡಿಗಳ ಕಲ್ಲು ಕೀಳುವವರ ಮೇಲೆ ದೂರು ಕೊಟ್ಟೂ ಕೊಟ್ಟೂ ಅವರು ಪೊಲೀಸರಿಗೆಲ್ಲ ಗುರುತಾಗಿದ್ದರು. ಊಟವನ್ನು ಅರ್ಧಕ್ಕೆ ಬಿಟ್ಟು ಬಂದರಂತೆ. ನನ್ನ ಭೂತಗನ್ನಡಿ ಇಸಿದುಕೊಂಡು ಒಂದೊಂದೇ ನಾಣ್ಯ ತಿರುವಿ ನೋಡಿದರು.

“ತಾಮ್ರ ರೀ ಸಾಹೇಬ್ರ. ಕೆಳಗ ಅವರ ಲಿಪಿಯಾಗ ಮೂರು ಅಕ್ಷರ ಅದಾವು ನೋಡ್ರಿ, ‘ಕಾನ್’ ಅಂತ. ನಾಣ್ಯ ಅಚ್ಚು ಹಾಕೋ ಟಂಕಸಾಲಿ ಇದ್ದ ಊರು, ಕಾನ್‌ಸ್ಟಾಂಟಿನೋಪಲ್. ಇವರ ಬಂಗಾರದ್ದು ನಮ್ಮ ಕಡಿ ಸಿಕ್ಕೈತಿ, ಖರೆ. ಆದ್ರ ಈ ಚಿಲ್ಲರಿ ಅಲ್ಲಿ ಸಂತಿಯೊಳಗ ಕಾಯಿಪಲ್ಯ ಕೊಳ್ಳಾಕ ಇದ್ದದ್ದು. ಇದನ್ನ ಯಾರು ಹಡಗಿನಾಗ ಹೊತ್ತು ತರತಾರ?”

ಅಧಿಕಾರಿ ತಾವೂ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ತಂಗಿಯ ಗಂಡನ ಕಡೆ ತಿರುಗಿ, “ಚಾ ಆರಿ ಹೋತಲ್ರಿ, ಬ್ಯಾರೆ ತರಸ್ತೀನಿ” ಎಂದರು. ನಾನು ನಾಣ್ಯಗಳನ್ನು ಮತ್ತೆ ಡಬ್ಬಿಗೆ ತುಂಬಿಕೊಂಡೆ. ತಂಗಿಯ ಗಂಡ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಅತ್ತರೋ ಬೆವರು ಒರೆಸಿಕೊಂಡರೋ, ನಾನು ಕೇಳಲಿಲ್ಲ.

ಎಲ್ಲರೂ ಜೀಪಿನಲ್ಲಿ ಕರೂರಿಗೆ ಹೋದೆವು. ಅಧಿಕಾರಿ ಬದುವಿನ ಮೇಲೆ ನಿಂತು, “ಇಲ್ಲಿ ನಿಧಿ ಇಲ್ಲ, ಭತ್ತ ಐತಿ. ಇನ್ನ ಯಾರಾದ್ರೂ ಅಗದ್ರ ಒಳಗ ಹಾಕ್ತೀನಿ” ಎಂದು ಗದರಿದರು. ಗುದ್ದಲಿ ಹಿಡಿದವರು ಒಬ್ಬೊಬ್ಬರಾಗಿ ಬೈಕು ಹತ್ತಿ ಹೋದರು. ತಂಗಿಯ ಅತ್ತೆ ಮಾತ್ರ ಮೇಷ್ಟ್ರನ್ನು ಬಿಡಲಿಲ್ಲ. ಆ ರಾಜ ಅನ್ನ ಉಣ್ಣುತ್ತಿದ್ದನೋ ರೊಟ್ಟಿಯೋ, ಅವನ ಊರಿನಲ್ಲಿ ಕಾಲುವೆ ಇತ್ತೋ ಇಲ್ಲವೋ ಎಂದು ಕೇಳುತ್ತಲೇ ಇದ್ದರು.

ಮರುದಿನ ದೇಶನೂರಿನ ಬೀಗರು ತಮ್ಮಲ್ಲಿ ಮಿಕ್ಕಿದ್ದ ಸಸಿ ಕಳಿಸಿಕೊಟ್ಟರು. ನಾನೂ ಸೀರೆ ಎತ್ತಿ ಕಟ್ಟಿ ಗದ್ದೆಗಿಳಿದೆ. ನನ್ನ ಸಾಲು ಹಾವಿನಂತೆ ಸೊಟ್ಟಗಾಯಿತು. ಪಕ್ಕದಲ್ಲಿ ನೆಡುತ್ತಿದ್ದ ಹೆಣ್ಣುಮಗಳು, “ಅಕ್ಕಾರ, ಕನ್ನಡಕದ ಅಂಗಡಿ ಇಟ್ಟೀರಂತ, ನಿಮಗ ಕಣ್ಣು ಕಾಣ್ತಾವಿಲ್ಲೋ?” ಎಂದಳು. ತಂಗಿ ನಕ್ಕು ನಕ್ಕು ಕೆಸರಿನಲ್ಲೇ ಕೂತುಬಿಟ್ಟಳು.