ಕುದುರೆಯ ಕಾಲಿಗೆ ಅಡಿಕೆಯ ಮದ್ದು

ಜುಲೈ ಇಪ್ಪತ್ತು, ಬೆಳಿಗ್ಗೆ ಆರು ಇಪ್ಪತ್ತು. ನಮ್ಮ ಬಿಳಿ ಹೆಣ್ಣುಕುದುರೆ ಹಿಂದಿನ ಎಡಗಾಲನ್ನು ಊರದೆ ನಿಂತದ್ದನ್ನು ನಾನು ಮೊದಲು ನೋಡಿದ್ದು ಆಗ. ಗೊರಸಿನ ಹಿಂಬದಿಯ ಕುಳಿಯಲ್ಲಿ ರೋಮ ಅಂಟಿಕೊಂಡಿತ್ತು. ಬೆರಳಾಡಿಸಿದರೆ ಒಳಗೆ ಗಟ್ಟಿ ಹಕ್ಕಳೆಗಳು. ಎಡಗಾಲಲ್ಲಿ ಏಳು, ಬಲಗಾಲಲ್ಲಿ ಮೂರು ಎಂದು ಬರೆದುಕೊಂಡೆ.

ಕಡಬದಲ್ಲಿ ಅಪ್ಪನದು ಶಾಮಿಯಾನದ ಅಂಗಡಿ. ಮದುಮಗನ ಮೆರವಣಿಗೆಗೆಂದು ಅಪ್ಪ ಮತ್ತು ಕೆದಂಬಾಡಿಯಲ್ಲಿ ಅಡಿಕೆ ತೋಟವಿರುವ ಮಾವ, ಅಂದರೆ ಅಮ್ಮನ ಅಣ್ಣ, ಪಾಲಿನಲ್ಲಿ ಕುದುರೆ ತಂದಿದ್ದರು. ನೋಡಿಕೊಳ್ಳುವವಳು ನಾನು. ಜುಲೈ ನಡುವಿನಿಂದ ಒಂದು ತಿಂಗಳು ತುಳುನಾಡಿನ ಆಟಿ, ಆಗ ಮದುವೆಗಳಿಲ್ಲ. ಹಗಲೆಲ್ಲ ಗೋದಾಮಿನ ಹಿಂದಿನ ಕೆಸರಿನಲ್ಲಿ ಅದರ ತಿರುಗಾಟ. ಹೊರಗಿನಿಂದ ಬಂದವರು ಕಾಲು ತೊಳೆಯದೆ ಜಗಲಿ ಹತ್ತಬಾರದೆಂಬ ಮನೆಯ ರೂಢಿಯನ್ನು ಅಪ್ಪ ಕುದುರೆಗೂ ಹಾಕಿದ್ದರು. ಅದು ಕೊಟ್ಟಿಗೆಗೆ ಬಂದಾಗಲೆಲ್ಲ ಪೈಪಿನ ನೀರು. ಒರೆಸುವುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಮರುದಿನ ನಾನು ಪರೀಕ್ಷೆ ಬರೆಯಲು ಪುತ್ತೂರಿಗೆ ಹೋದೆ. ಸಂಜೆ ಬಂದು ನೋಡಿದರೆ ಕುದುರೆಯ ಹಿಂದಿನ ಎರಡೂ ಕಾಲು ಮೊಣಕಾಲಿನವರೆಗೆ ನೀಲಿ. ಪಕ್ಕದ ತೋಟಕ್ಕೆ ಮದ್ದು ಹೊಡೆಸಲು ಬಂದಿದ್ದ ಮಾವ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದರು.

"ಎಂತ ಮಾಡಿದ್ರಿ ಮಾವ?"

"ಕೊಳೆರೋಗ ಅದು. ಮಳೆಗೆ ಅಡಿಕೆ ಕೊಳೆಯುದೂ ಕಾಲು ಕೊಳೆಯುದೂ ಎಲ್ಲ ಒಂದೇ ಮಾರಾಯ್ತಿ. ಮೈಲುತುತ್ತು, ಸುಣ್ಣ ಎಲ್ಲ ಹದ ನೋಡಿಯೇ ಹಾಕಿದ್ದು. ಬ್ಯಾರಲಲ್ಲಿ ಉಳಿದಿತ್ತು, ದಂಡ ಮಾಡುದು ಯಾಕೆ?"

"ಅದು ಅಡಿಕೆಗೊನೆ ಅಲ್ಲ, ಚರ್ಮ!"

"ನಿನ್ನ ಪರೀಕ್ಷೆ ಎಂತಾಯ್ತು, ಅದು ಹೇಳು."

ಕತ್ತಲಾಗುವವರೆಗೆ ತೊಳೆದೆ, ಒರೆಸಿದೆ. ಆದರೂ ಸುಣ್ಣ ತನ್ನ ಕೆಲಸ ಮಾಡಿಯಾಗಿತ್ತು. ಎರಡೇ ದಿನದಲ್ಲಿ ಚರ್ಮ ಬಿರಿದು ರಕ್ತ ಒಸರಿತು, ಕಾಲು ಬಾತಿತು. ಮಾವ ಪೇಟೆಯ ಹೋಟೆಲಿನಲ್ಲಿ ಕುಳಿತು, "ಹುಡುಗಿಯ ಕೈಗೆ ಕುದುರೆ ಕೊಟ್ಟರೆ ಹೀಗೇ ಆಗುದು" ಎಂದರಂತೆ. ಕುಂಟು ಕುದುರೆಯನ್ನು ಸಿಕ್ಕಿದ ಬೆಲೆಗೆ ಮಾರುವುದೆಂದು ದಲ್ಲಾಳಿಗೂ ಹೇಳಿಬಿಟ್ಟರು. ಅಪ್ಪ ನಡುವೆ ನಿಂತು, ಆಟಿ ಮುಗಿಯುವುದರೊಳಗೆ ಅದು ಸರಿಯಾಗಿ ನಡೆದರೆ ಉಳಿಯಲಿ, ಇಲ್ಲವಾದರೆ ಹೋಗಲಿ ಎಂದರು.

ಡೈರಿಯ ಆ ದಿನದ ಪುಟದಲ್ಲಿ ನಾನು ಬರೆದ ಮೊದಲ ಸಾಲು ಕುದುರೆಯ ಬಗ್ಗೆ ಅಲ್ಲ. "ಮಾವನನ್ನು ಬಿಡುವುದಿಲ್ಲ" ಎಂದು.

ಪುತ್ತೂರಿನಿಂದ ಬಂದ ಪಶುವೈದ್ಯೆ ನೀಲಿ ಕಲೆ ನೋಡಿ, "ಇದರಲ್ಲಿ ಅಡಿಕೆ ಎಷ್ಟು ಬಿಡ್ತದೆ?" ಎಂದು ಕೇಳಿದರು. ಅಪ್ಪ ನಕ್ಕರು, ನನಗೆ ನಗು ಬರಲಿಲ್ಲ. ಅವರು ಹೇಳಿದ್ದು ಇಷ್ಟು: ಒದ್ದೆಯಲ್ಲಿ ಮೆತ್ತಗಾದ ಚರ್ಮ ಬಿರಿದರೆ ಕೆಸರಿನ ರೋಗಾಣು ಒಳಗೆ ಹೋಗುತ್ತದೆ, ಬಿಳಿ ಕಾಲಿನ ಗುಲಾಬಿ ಚರ್ಮಕ್ಕೆ ಬೇಗ. ದಿನವೂ ತೊಳೆಯಬಾರದು. ಕೆಸರು ಒಣಗಲಿ, ಆಮೇಲೆ ಮೆತ್ತನೆಯ ಬ್ರಷ್ಷಿನಿಂದ ಉದುರಿಸಬೇಕು. ಹಕ್ಕಳೆಯನ್ನು ಒಣಗಿದ್ದಾಗಲೇ ಕೀಳಬಾರದು. ಔಷಧಿ ಬೆರೆಸಿದ ಬೆಚ್ಚಗಿನ ನೀರಿನಲ್ಲಿ ನೆನೆಸಿ, ತಾನಾಗಿ ಬಿಟ್ಟದ್ದನ್ನು ಮಾತ್ರ ತೆಗೆಯಬೇಕು. ಮುಲಾಮು ಪೂರ್ತಿ ಒಣಗಿದ ಚರ್ಮಕ್ಕೆ ಮಾತ್ರ. ಒದ್ದೆಯ ಮೇಲೆ ಹಚ್ಚಿದರೆ ರೋಗವನ್ನು ಒಳಗೆ ಕೂಡಿಹಾಕಿದಂತೆ. ಕಾಲಿನ ಬಾವು ಇಳಿಯಲು ಅವರೇ ಚುಚ್ಚುಮದ್ದು ಕೊಟ್ಟರು.

ಕೊಟ್ಟಿಗೆಯ ನೆಲಕ್ಕೆ ಜಲ್ಲಿ ತುಂಬಿ ಎತ್ತರಿಸಿದೆವು. ಮೇಲೆ ಬಡಗಿಯ ಅಂಗಡಿಯಿಂದ ತಂದ ಒಣ ಮರದ ಹೊಟ್ಟು. ಒರೆಸಲು ಊಟದ ಮೇಜಿಗೆ ಹಾಸುವ ಹಳೆಯ ಹತ್ತಿಬಟ್ಟೆಗಳು. ಶಾಮಿಯಾನದವರ ಮನೆಯಲ್ಲಿ ಅದಕ್ಕೇನು ಕೊರತೆ? ಕುಳಿಗೆ ಬಟ್ಟೆ ಒತ್ತಿ ಹಿಡಿದಾಗ ಕುದುರೆ ನಡುಗುತ್ತಿತ್ತು. ಅದು ನಡುಗಿದಷ್ಟೂ ನನ್ನ ಸಿಟ್ಟು ಗಟ್ಟಿಯಾಗುತ್ತಿತ್ತು.

ದಿನಾ ಬೆಳಿಗ್ಗೆ ಗಾಯದ ಫೋಟೋವನ್ನು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದೆ. ತಾರೀಕು, ಉಳಿದ ಹಕ್ಕಳೆಗಳ ಲೆಕ್ಕ, ಅಷ್ಟೇ. ಯಾರನ್ನೂ ದೂರಲಿಲ್ಲ. ನೀಲಿ ಕಲೆ ನೋಡಿ ದೂರುವ ಕೆಲಸವನ್ನು ನೆಂಟರು ವಹಿಸಿಕೊಂಡರು. "ಇದು ಯಾವ ತೋಟ ಮಾರಾಯ್ರೆ?" ಎಂದರು ಸುಳ್ಯದ ಚಿಕ್ಕಮ್ಮ. "ಎರಡನೇ ಸಲ ಮದ್ದು ಹೊಡೆಯುದು ಯಾವಾಗ ಭಾವ?" ಎಂದು ಇನ್ನೊಬ್ಬರು. ಮಾವ ಗುಂಪು ಬಿಟ್ಟರು. ಅಮ್ಮನಿಗೆ ಹೇಳಿ ಅವರನ್ನು ಮತ್ತೆ ಸೇರಿಸಿದೆ. ನನಗೆ ಅದರಲ್ಲಿ ಸಿಕ್ಕಿದ ಸುಖ ಸಣ್ಣದಲ್ಲ.

ಆಟಿಯ ಕೊನೆಯ ವಾರ ದಲ್ಲಾಳಿ ಬಂದ, ಮಾವನೂ ಬಂದರು. ಹಗ್ಗ ಹಿಡಿದು ನಾನೇ ಕುದುರೆಯನ್ನು ರಸ್ತೆಗೆ ಇಳಿಸಿದೆ. ಮೊದಲು ನಡಿಗೆ, ಆಮೇಲೆ ಓಟ. ನಾಲ್ಕೂ ಗೊರಸಿನ ಸದ್ದು ಒಂದೇ ಸಮ. ಅಪ್ಪ ದಲ್ಲಾಳಿಗೆ ಚಹಾ ಕೊಡಿಸಿ ಕಳುಹಿಸಲು ಎದ್ದರು.

"ನೋಡಿದ್ರಾ? ನನ್ನ ಮದ್ದೇ ಹಿಡಿದದ್ದು!" ಎಂದರು ಮಾವ.

ಮಳೆಗಾಲದ ತೋಟದಲ್ಲಿ ಓಡಾಡಿ ಮಾವನ ಕಾಲ್ಬೆರಳ ಸಂದುಗಳನ್ನೂ ಕೆಸರು ತಿಂದಿತ್ತು. ನಾನು ಅವರ ಜೀಪಿನಿಂದ ಮದ್ದಿನ ಪಂಪನ್ನು ಇಳಿಸಿ ತಂದು ಎದುರಿಗಿಟ್ಟೆ.

"ಹಾಗಾದರೆ ನಿಮ್ಮ ಕಾಲಿಗೂ ಹೊಡೆಯುವಾ ಮಾವ. ಕಾಲು ಮುಂದೆ ಇಡಿ."

ಅವರು ಎರಡೂ ಕಾಲನ್ನು ಕುರ್ಚಿಯ ಅಡಿಗೆ ಎಳೆದುಕೊಂಡರು. ದಲ್ಲಾಳಿ ಬಿದ್ದು ಬಿದ್ದು ನಕ್ಕ. ಸಂಜೆಯೊಳಗೆ ಅದು ಹೋಟೆಲಿಗೂ ಮುಟ್ಟಿತು.

ಕುದುರೆ ನಮ್ಮಲ್ಲೇ ಉಳಿದಿದೆ. ಆದರೆ ಎಡಗಾಲಿನಲ್ಲಿ ಹೆಬ್ಬೆರಳಗಲದ ಜಾಗಕ್ಕೆ ರೋಮ ಇನ್ನೂ ಬಂದಿಲ್ಲ. ಸುಣ್ಣ ಸುಟ್ಟಲ್ಲಿ ಮತ್ತೆ ರೋಮ ಬರುತ್ತದೆಯೇ? ಬರಿಯ ಚರ್ಮವನ್ನು ಮುಂದಿನ ಮಳೆಯಿಂದ ಕಾಯುವುದು ಹೇಗೆ? ಕರಾವಳಿಯ ಮಳೆಯಲ್ಲಿ ಕುದುರೆ ಸಾಕಿ ಗೊತ್ತಿದ್ದವರು ದಯವಿಟ್ಟು ಬರೆದು ತಿಳಿಸಿ. ಬರುವುದಿಲ್ಲ ಎಂದಾದರೆ ಅದನ್ನೂ ಬರೆಯಿರಿ. ಮಾವನಿಗೆ ಗಟ್ಟಿಯಾಗಿ ಓದಿ ಹೇಳಬೇಕು.