ಬೀಗದೊಳಗಿನ ಎರೆ

ನನ್ನ ಸೋದರಮಾವನಿಗೆ ಊರಿಟ್ಟ ಹೆಸರು ಗುಮಾನಿ ಮಾವ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ, ಹಾಗೆ. ಅಂಗಡಿಯವನು ನಕ್ಕರೆ ತಕ್ಕಡಿಯಲ್ಲಿ ಮೋಸ, ನಗದಿದ್ದರೆ ಸಾಮಾನಿನಲ್ಲಿ ಮೋಸ. ಆದರೆ ಹಾವುಮೀನು ಹಿಡಿಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಅದನ್ನು ಒಪ್ಪಲೇಬೇಕು.

ತೊಡೆ ದಪ್ಪದ ಈ ಮೀನು ಕಡಲ ತಳದಲ್ಲಿ, ಮುಳುಗಿದ ಹಡಗಿನ ಸಂದಿಗೊಂದಿಗಳಲ್ಲಿ ಅಡಗಿರುತ್ತದೆ. ಅದರ ಹಲ್ಲಿಗೆ ಸಾಮಾನ್ಯ ದಾರ ತಡೆಯದು. ಗಾಳದ ಹತ್ತಿರ ಮಾವ ದಪ್ಪ ನೈಲಾನ್ ಕಟ್ಟುತ್ತಿದ್ದ. ಸೀಸದ ಗುಂಡಿಗೆ ಮಾತ್ರ ತೆಳು ನೂಲು, ಹಡಗಿನ ಕಬ್ಬಿಣಕ್ಕೆ ಸಿಕ್ಕಿಕೊಂಡರೆ ಗುಂಡೊಂದೇ ಹೋಗಲಿ ಅಂತ. ಎರೆಗೆ ಅರ್ಧ ಬಂಗುಡೆ, ಅದೂ ತಾಜಾ. ಮೀನು ಮೆಲ್ಲಗೆ ಜಗ್ಗಿದಾಗ ಸುಮ್ಮನಿದ್ದು, ನುಂಗಿ ಹೊರಟಾಗ ತಕ್ಷಣ ಮೇಲೆತ್ತಬೇಕು. ತಡವಾದರೆ ಬಾಲವನ್ನು ಕಬ್ಬಿಣಕ್ಕೆ ಸುತ್ತಿಕೊಂಡು ಬಿಡುತ್ತದೆ. ಮೇಲೆ ಬಂದದ್ದಕ್ಕೆ ಕೊಕ್ಕೆ ಹಾಕಿ ದೋಣಿಗೆಳೆಯಲು ಇನ್ನೊಬ್ಬ ಬೇಕು. ಮಾವನ ದೋಣಿಯಲ್ಲಿ ಆ ಇನ್ನೊಬ್ಬ ನನ್ನ ಅಪ್ಪ; ಅವನದೂ ಒಂದು ಗಾಳ ಇರುತ್ತಿತ್ತು. ಎರೆ ಹೆಚ್ಚುವವಳು ನಾನು.

ಒಂದು ದಿನ ಅಪ್ಪನ ಗಾಳಕ್ಕೆ ಮೀನು ಬಿದ್ದು ಮಾವನಿಗೆ ಬೀಳಲಿಲ್ಲ. ಕಡಲಲ್ಲಿ ಅದೇನು ಹೊಸದಲ್ಲ. ಆದರೆ ಒಳ್ಳೆಯ ತುಂಡೆಲ್ಲ ನಾನು ಅಪ್ಪನಿಗೆ ಕೊಡುತ್ತೇನೆ ಅಂತ ಮಾವನಿಗೆ ಗುಮಾನಿ ಹತ್ತಿತು. ಮರುದಿನದಿಂದ ತನ್ನ ಎರೆಯನ್ನು ತಾನೇ ತಂದು, ತಗಡಿನ ಪೆಟ್ಟಿಗೆಗೆ ಹಾಕಿ, ಬೀಗ ಜಡಿದು, ಯಾರ ಕೈಯೂ ತಾಗದಿರಲೆಂದು ಇಂಜಿನ್ ಪಕ್ಕ ಇಡತೊಡಗಿದ. ಅಲ್ಲಿಂದಾಚೆ ಅವನ ಗಾಳವನ್ನು ಮೀನು ಮೂಸಿಯೂ ನೋಡಲಿಲ್ಲ. ಅಪ್ಪನೇ ಏನೋ ಮಾಡುತ್ತಿದ್ದಾನೆ, ಈ ವಾರವೇ ಅವನಿಗೆ ಕೊನೆ, ಮತ್ತೆ ದೋಣಿ ಹತ್ತಿಸುವುದಿಲ್ಲ ಅಂತ ಅಮ್ಮನ ಹತ್ತಿರ ಹೇಳಿಹೋದ. ಅಣ್ಣ ಒಂದು ಕಡೆ, ಗಂಡ ಒಂದು ಕಡೆ. ಅಮ್ಮ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದಳು. ಅಪ್ಪನಿಗೆ ಬೇರೆ ದೋಣಿಯಿರಲಿಲ್ಲ.

ಆ ವಾರದ ಕೊನೆಯ ದಿನವೂ ಅಪ್ಪನಿಗೇ ಬಿತ್ತು. ಮಾವ ಅಪ್ಪನ ಕೈಯನ್ನೇ ದುರುಗುಟ್ಟಿ ನೋಡುತ್ತಿದ್ದ. ಅಪ್ಪ ಮಾವನ ಗಾಳದ ಎರೆ ಕಿತ್ತೆಸೆದು ತನ್ನದೊಂದು ತುಂಡು ಸಿಕ್ಕಿಸಿದ. ಸ್ವಲ್ಪ ಹೊತ್ತಿಗೇ ದಾರ ಜಗ್ಗಿತು. ಮಾವ ಎತ್ತಿದ, ಅಪ್ಪ ಕೊಕ್ಕೆ ಹಾಕಿದ.

“ಅದಕ್ಕೇನು ಹಚ್ಚಿದ್ರಿ?” ಅಂದ ಮಾವ.

“ಏನೂ ಇಲ್ಲ. ನಿಮ್ಮ ಎರೆಗೆ ಡೀಸೆಲ್ ವಾಸನೆ ಹತ್ತಿದೆ. ಈ ಮೀನಿಗೆ ಮೂಗು ಚುರುಕು ಅಂತ ನನಗೆ ಕಲಿಸಿದ್ದು ನೀವೇ.”

“ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ, ಬೀಗ ಹಾಕಿದ ಪೆಟ್ಟಿಗೆ ಒಳಗಿಂದು ನಿಮಗೆ ಹೇಗೆ ಗೊತ್ತಾಯ್ತು ಅಂತ ಕೇಳ್ತಿದ್ರಿ, ಭಾವ.”

ಮಾವ ಪೆಟ್ಟಿಗೆ ತೆರೆದು ಮೂಸಿದ. ತಲೆ ತಗ್ಗಿಸಿದ. ಸದ್ಯ, ಇಲ್ಲಿಗೆ ಮುಗಿಯಿತು ಅಂತ ನನ್ನ ಜೀವಕ್ಕೆ ನಿರಾಳವಾಯಿತು. ದಡ ಮುಟ್ಟಿದೆವು. ದೋಣಿ ಕಟ್ಟುವಾಗ ಮಾವ ಹಗ್ಗ ಹಿಡಿದೇ ನಿಂತ.

“ಅಲ್ಲ ಭಾವ, ನಿಜವಾಗ್ಲೂ ಹೇಗೆ ಗೊತ್ತಾಯ್ತು?”

ಅಪ್ಪ ಕೊಕ್ಕೆಯನ್ನು ದೋಣಿಯಲ್ಲಿಟ್ಟು ಇಳಿದ. ಮತ್ತೆ ಹತ್ತಲಿಲ್ಲ.

ಈಗ ಅಪ್ಪ ಕಂಡವರ ಬಲೆ ಹೊಲಿಯುತ್ತಾನೆ. ಮಾವನ ಎರೆಗೆ ಡೀಸೆಲ್ ವಾಸನೆಯಿಲ್ಲ, ಮೀನು ಚೆನ್ನಾಗಿಯೇ ಬೀಳುತ್ತದಂತೆ. ಆದರೆ ಕೊಕ್ಕೆ ಹಾಕಲು ಜನವಿಲ್ಲದೆ, ದೋಣಿಯ ಅಂಚಿನವರೆಗೆ ಬಂದು ತಪ್ಪಿಸಿಕೊಳ್ಳುತ್ತದೆ. ಹೊಸಬರನ್ನು ಯಾಕೆ ಕರೆದುಕೊಳ್ಳಬಾರದು ಅಂತ ಅಮ್ಮ ಕೇಳಿದ್ದಕ್ಕೆ, ಅವರನ್ನು ನಂಬುವುದು ಹೇಗೆ ಅಂದನಂತೆ.